ಡ್ರ್ಯಾಗನ್ನಿಗೆ ಅರ್ಥ ಕೇಳಬೇಡಿ

ಬೆಂಗಳೂರಿನ ಟ್ಯಾಟೂ ಅಂಗಡಿಗಳಲ್ಲಿ ಒಂದು ಪಟ್ಟಿ ಓಡಾಡುತ್ತಿರುತ್ತದೆ. ಕೆಲವು ಕಡೆ ಅದು ಗೋಡೆಯ ಮೇಲೆ, ಕೆಲವು ಕಡೆ ಮೇಜಿನ ಮೇಲಿನ ಆಲ್ಬಮ್ಮಿನಲ್ಲಿ, ಇನ್ನು ಕೆಲವು ಕಡೆ ಸೂಜಿ ಹಿಡಿದ ಹುಡುಗನ ಬಾಯಲ್ಲಿ. ಕೋಯಿ ಮೀನು ಅಂದರೆ ಛಲ. ಡ್ರ್ಯಾಗನ್ ಅಂದರೆ ಶಕ್ತಿ. ಹನ್ಯಾ ಮುಖವಾಡ ಕೆಟ್ಟ ದೃಷ್ಟಿಯನ್ನು ದೂರ ಇಡುತ್ತದೆ. ಚೆರ್ರಿ ಹೂ ಅಂದರೆ ಬದುಕು ಕ್ಷಣಿಕ. ಹೋಟೆಲಿನ ತಿಂಡಿ ಪಟ್ಟಿಯ ಹಾಗೆ ಓದಿಕೊಂಡು, ಯಾವುದು ಬೇಕೋ ಅದನ್ನು ಹೇಳಿದರಾಯಿತು. ಪರೀಕ್ಷೆಯಲ್ಲಿ ಎರಡು ಸಲ ಸೋತು ಮೂರನೆಯ ಸಲ ಪಾಸಾದವನು ಮುಂಗೈಗೆ ಛಲ ಹಾಕಿಸಿಕೊಳ್ಳುತ್ತಾನೆ. ಪ್ರೀತಿ ಮುರಿದವಳು ಹೆಗಲಿಗೆ ಕ್ಷಣಿಕತೆ ಹಾಕಿಸಿಕೊಳ್ಳುತ್ತಾಳೆ. ಮನೆಯಲ್ಲಿ ಅಪ್ಪ ಕೂಗಾಡಿದರೆ ಹೇಳಲಿಕ್ಕೆ ಉತ್ತರವೂ ಸಿದ್ಧ: “ಸುಮ್ನೆ ಹಾಕ್ಸಿದ್ದಲ್ಲಪ್ಪ, ಇದಕ್ಕೊಂದು ಅರ್ಥ ಇದೆ.”

ನನ್ನ ತಕರಾರು ಈ ಅರ್ಥದ ಮೇಲೆ. ಜಪಾನೀ ಹಚ್ಚೆ ಜಗತ್ತಿನ ಕಣ್ಣು ಸೆಳೆದಿರುವುದು ಅದರ ಅರ್ಥಕ್ಕಾಗಿ ಎನ್ನುವುದು ಶುದ್ಧ ಸುಳ್ಳು. ಅದು ಸೆಳೆಯುವುದು ತನ್ನ ಚಿತ್ರದಿಂದ, ಮೈಯನ್ನು ಒಂದು ಹಾಳೆಯ ಹಾಗೆ ಕಾಣುವ ತನ್ನ ಧೈರ್ಯದಿಂದ, ತನ್ನೊಳಗಿನ ಕಥೆಗಳಿಂದ. ಈ ಮೂರನ್ನೂ ತೆಗೆದು ಪಕ್ಕಕ್ಕಿಟ್ಟು, ‘ಪೂರ್ವದೇಶದ ಪುರಾತನ ಜ್ಞಾನ’ ಅನ್ನುವ ಚೀಟಿ ಅಂಟಿಸಿ ಮಾರುತ್ತಿದ್ದೇವೆ. ಇದರಿಂದ ಯಾರಿಗೆ ನಷ್ಟ ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ಪುರಾತನದ ವಿಷಯ. ನಾವು ಇವತ್ತು ಜಪಾನೀ ಶೈಲಿ ಎಂದು ಗುರುತಿಸುವ ಹಚ್ಚೆಗೆ ಋಷಿಮುನಿಗಳ ಕಾಲದ ವಯಸ್ಸೇನೂ ಇಲ್ಲ. ಅದು ರೂಪ ಪಡೆದದ್ದು ಎಡೋ ಎಂಬ ನಗರದಲ್ಲಿ, ಅಂದರೆ ಇಂದಿನ ಟೋಕಿಯೋದಲ್ಲಿ, ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ. ಅದಕ್ಕೆ ಕಾರಣವಾದದ್ದು ಒಂದು ಕಾದಂಬರಿ. ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಒಂದು ಅನುವಾದಿತ ಕಾದಂಬರಿ ಓದುಗರ ಚರ್ಮದ ಮೇಲೆ ಹೋಗಿ ಕೂತ ಇನ್ನೊಂದು ಉದಾಹರಣೆ ನನಗಂತೂ ಗೊತ್ತಿಲ್ಲ.

ಕಾದಂಬರಿ ಚೀನಾದ್ದು. ಜೌಗುನಾಡಿನಲ್ಲಿ ಕೋಟೆ ಕಟ್ಟಿಕೊಂಡು ಭ್ರಷ್ಟ ಅಧಿಕಾರಿಗಳ ಮೇಲೆ ತಿರುಗಿಬಿದ್ದ 108 ಮಂದಿ ದಂಗೆಕೋರರ ಕಥೆ. ಜಪಾನೀ ಭಾಷೆಯಲ್ಲಿ ಅದರ ಹೆಸರು ‘ಸುಯ್ಕೋಡೆನ್’. 1805ರಲ್ಲಿ ಬಾಕಿನ್ ಎಂಬ ಜನಪ್ರಿಯ ಲೇಖಕ ಅದರ ಜಪಾನೀ ರೂಪವನ್ನು ಹೊರತರಲು ಶುರುಮಾಡಿದ. ಚಿತ್ರ ಬರೆದವನು ಹೊಕುಸಾಯ್. ಊರಿಗೆ ಊರೇ ಆ ಕಥೆಯ ಹುಚ್ಚು ಹಿಡಿಸಿಕೊಂಡಿತು. ಸುಮಾರು 1827ರಲ್ಲಿ, ರೇಷ್ಮೆಗೆ ಬಣ್ಣ ಹಾಕುವವನ ಮಗ, ಅಲ್ಲಿಯವರೆಗೆ ಹೇಳಿಕೊಳ್ಳುವಂಥ ಹೆಸರಿಲ್ಲದ ಉತಾಗಾವಾ ಕುನಿಯೋಶಿ ಎಂಬ ಚಿತ್ರಕಾರ ಆ ವೀರರನ್ನು ಒಬ್ಬೊಬ್ಬರನ್ನಾಗಿ ಮರದಚ್ಚಿನ ಚಿತ್ರಗಳಲ್ಲಿ ಬಿಡಿಸತೊಡಗಿದ. ಮೂಲ ಕಾದಂಬರಿಯಲ್ಲಿ ಮೈಮೇಲೆ ಹಚ್ಚೆ ಇರುವವರು ಬೆರಳೆಣಿಕೆಯ ಮಂದಿ. ಕುನಿಯೋಶಿ ಧಾರಾಳಿ. ಹಚ್ಚೆ ಇಲ್ಲದವರಿಗೂ ಹಾಕಿಸಿದ. ಬೆನ್ನು ತುಂಬ, ತೋಳು ತುಂಬ, ತೊಡೆಯವರೆಗೆ. ಚಿತ್ರಗಳು ಬಿಸಿದೋಸೆಯಂತೆ ಖರ್ಚಾದವು. ಕೊಂಡವರು ಗೋಡೆಗೆ ಅಂಟಿಸಿ ಸುಮ್ಮನಾಗಲಿಲ್ಲ, ಆ ಚಿತ್ರಗಳನ್ನೇ ತಮ್ಮ ಬೆನ್ನಿಗೆ ಇಳಿಸಿಕೊಂಡರು.

ಇಲ್ಲಿ ಒಂದು ತಮಾಷೆಯಿದೆ. ಆ ವೀರರಲ್ಲಿ ಬಹಳ ಪ್ರಸಿದ್ಧನಾದವನು ಒಂಬತ್ತು ಡ್ರ್ಯಾಗನ್ನುಗಳ ಶಿಶಿನ್. ಅವನಿಗೆ ಹಚ್ಚೆ ಹಾಕಿಸಿದ್ದು ಯಾರು? ಕಾದಂಬರಿಯ ಪ್ರಕಾರ, ಅವನ ಅಪ್ಪನೇ. ಮಗನ ಕುಸ್ತಿ-ಕತ್ತಿವರಸೆಯ ಹುಚ್ಚು ನೋಡಿ, ಒಳ್ಳೆಯ ಕಸುಬುದಾರನನ್ನು ಕರೆಸಿ ಹೆಗಲು, ತೋಳು, ಎದೆಗೆಲ್ಲ ಡ್ರ್ಯಾಗನ್ ಹುಯ್ಯಿಸಿದನಂತೆ. ಬೈಸಿಕೊಳ್ಳುವ ಮಕ್ಕಳು ಮುಂದಿನ ಸಲ ‘ಅರ್ಥ’ದ ಬದಲು ಈ ಕಥೆ ಹೇಳಬಹುದು.

ಹಾಗೆ ಬೆನ್ನಿಗೆ ಇಳಿಸಿಕೊಂಡವರು ಯಾರು ಎನ್ನುವುದು ಮುಖ್ಯ. ಸಮುರಾಯ್‌ಗಳು ಎಂದು ನಮ್ಮ ಹುಡುಗರು ನಂಬಿದ್ದಾರೆ, ಸಿನಿಮಾ ಪೋಸ್ಟರುಗಳು ಹಾಗೆ ನಂಬಿಸಿವೆ. ಸಮುರಾಯ್‌ಗಳ ಮಟ್ಟಿಗೆ ಅದು ಕೀಳು ಜನರ ಚಾಳಿ. ಹಾಕಿಸಿಕೊಂಡವರು ಪಲ್ಲಕ್ಕಿ ಹೊರುವವರು, ಟಪಾಲು ಹೊತ್ತು ಓಡುವವರು, ಬಡಗಿಗಳು, ಜೂಜುಕೋರರು, ಮತ್ತು ಎಲ್ಲರಿಗಿಂತ ಹೆಚ್ಚಾಗಿ ಬೆಂಕಿ ಆರಿಸುವವರು. ಎಡೋ ಮರ ಮತ್ತು ಕಾಗದದ ಊರು. ಬೆಂಕಿ ಬಿದ್ದರೆ ಬೀದಿಗೆ ಬೀದಿಯೇ ಬೂದಿ. ಬೆಂಕಿಯ ದಳದವರು ಆರಿಸುತ್ತಿದ್ದದ್ದು ನೀರಿನಿಂದ ಕಡಿಮೆ. ಪಕ್ಕದ ಮನೆಗಳನ್ನು ಕೊಕ್ಕೆ ಹಾಕಿ ಕೆಡವಿ ಬೆಂಕಿಯ ದಾರಿ ಕಡಿಯುವುದೇ ಅವರ ಕೆಲಸ. ಆ ಕೆಲಸಕ್ಕೆ ಹೋಗುವವನು ಹಲವು ಪದರ ಹೊಲಿದ ದಪ್ಪ ಹತ್ತಿಯ ಅಂಗಿಯನ್ನು ನೀರಿನಲ್ಲಿ ನೆನೆಸಿ ತೊಡುತ್ತಿದ್ದ. ಅಂಗಿಯ ಹೊರಮೈ ಸಾದಾ, ಒಳಮೈಯಲ್ಲಿ ಡ್ರ್ಯಾಗನ್ನೋ ಸುಯ್ಕೋಡೆನ್ ವೀರನೋ. ಬೆಂಕಿ ಆರಿದ ಮೇಲೆ ಅಂಗಿಯನ್ನು ಒಳಗುಹೊರಗು ಮಾಡಿ ತೊಟ್ಟು ಬೀದಿಯಲ್ಲಿ ನಡೆಯುವುದು ಅವರ ಠೀವಿ. ಅಂಗಿಯ ಒಳಗೆ ಚರ್ಮದ ಮೇಲೂ ಅದೇ ಡ್ರ್ಯಾಗನ್. ಜಪಾನಿನಲ್ಲಿ ಡ್ರ್ಯಾಗನ್ ನೀರಿನ ಪ್ರಾಣಿ. ಮಳೆ, ಮೋಡ, ಕಡಲು ಅದರ ಮನೆ. ನಾಳೆ ಉರಿಯುವ ಚಾವಣಿಯ ಮೇಲೆ ಹತ್ತಬೇಕಾದ ಕೂಲಿಯವನು ಮೈತುಂಬ ನೀರನ್ನು ಹೊದ್ದುಕೊಂಡು ಹೋಗುತ್ತಿದ್ದ. ಇದನ್ನು ‘ಶಕ್ತಿಯ ಸಂಕೇತ’ ಎಂದು ಬರೆಯುವವನಿಗೆ ಸಂಕೇತವೂ ಗೊತ್ತಿಲ್ಲ, ಬೆಂಕಿಯೂ ಗೊತ್ತಿಲ್ಲ.

ಕೋಯಿ ಮೀನನ್ನೇ ನೋಡಿ. ಜಲಪಾತ ಏರಿದ ಮೀನು ಡ್ರ್ಯಾಗನ್ ಆಗುತ್ತದೆ ಎನ್ನುವ ಚೀನೀ ಕಥೆಯಿಂದ ಛಲದ ಅರ್ಥ ಬಂತು, ಸರಿ. ಆದರೆ ಅದೇ ಜಪಾನೀ ಮಾತಿನಲ್ಲಿ, ಅಡುಗೆಯ ಹಲಗೆಯ ಮೇಲೆ ಮಲಗಿದ ಕೋಯಿ ಎಂದರೆ ಇನ್ನೇನೂ ಮಾಡಲಾರದೆ ಕತ್ತಿಗೆ ಮೈಯೊಡ್ಡಿದವನು ಎಂದು ಅರ್ಥ. ಕುನಿಯೋಶಿಯ ಚಿತ್ರಗಳಲ್ಲಿ ಓನಿವಾಕಾ ಎಂಬ ಹುಡುಗ ದೈತ್ಯ ಕೋಯಿಯನ್ನು ಕೊಲ್ಲಲು ಹೊರಟಿದ್ದಾನೆ. ಅಲ್ಲಿ ಕೋಯಿಯೇ ರಾಕ್ಷಸ. ಇವುಗಳಲ್ಲಿ ಯಾವ ಅರ್ಥ ನಿಮ್ಮ ಮುಂಗೈ ಮೇಲಿದೆ? ಪಟ್ಟಿ ಬರೆದವನನ್ನು ಕೇಳಿದರೆ ತಬ್ಬಿಬ್ಬಾಗುತ್ತಾನೆ.

ಹನ್ಯಾ ಮುಖವಾಡದ ಕಥೆ ಇನ್ನೂ ಸೊಗಸು. ಎರಡು ಕೊಂಬು, ಕಿವಿಯವರೆಗೆ ಹರಿದ ಬಾಯಿ, ಹೊಂಬಣ್ಣದ ಕಣ್ಣು. ದೆವ್ವ ಓಡಿಸುವ ತಾಯತ ಎಂದು ಪಟ್ಟಿ ಹೇಳುತ್ತದೆ. ನೋ ನಾಟಕದಲ್ಲಿ ಅದು ಹೊಟ್ಟೆಕಿಚ್ಚಿನಿಂದ ಮತ್ತು ಸಂಕಟದಿಂದ ದೆವ್ವವಾಗಿಹೋದ ಹೆಣ್ಣಿನ ಮುಖ. ‘ಆಓಯಿ ನೋ ಉಎ’ ನಾಟಕದಲ್ಲಿ ಅದನ್ನು ತೊಡುವವಳು ರೊಕುಜೋ. ಸಾವಿರ ವರ್ಷದ ಹಿಂದೆ ಮುರಾಸಾಕಿ ಶಿಕಿಬು ಎಂಬ ಹೆಣ್ಣುಮಗಳು ಬರೆದ ಗೆಂಜಿಯ ಕಥೆಯಿಂದ ಬಂದವಳು, ಪ್ರಿಯಕರ ಕೈಬಿಟ್ಟವಳು. ಒಳ್ಳೆಯ ನಟ ತಲೆಯನ್ನು ತುಸು ತಗ್ಗಿಸಿದರೆ ಅದೇ ಮುಖವಾಡ ಅಳುತ್ತಿರುವಂತೆ ಕಾಣುತ್ತದೆ, ಎತ್ತಿದರೆ ಕೆರಳಿದಂತೆ. ಇನ್ನು ‘ಹನ್ಯಾ’ ಪದ? ಅದು ನಮ್ಮ ಸಂಸ್ಕೃತದ ‘ಪ್ರಜ್ಞಾ’. ಬೌದ್ಧ ಗ್ರಂಥಗಳ ಜೊತೆ ಚೀನಾ ದಾಟಿ ಜಪಾನು ಸೇರಿ ಹೀಗಾಯಿತು. ಅರಿವಿನ ಹೆಸರು ಹೊಟ್ಟೆಕಿಚ್ಚಿನ ಮುಖಕ್ಕೆ ಹೇಗೆ ಅಂಟಿತು ಎನ್ನುವುದಕ್ಕೆ ಜಪಾನೀಯರೇ ಎರಡು ಮೂರು ಕಥೆ ಹೇಳುತ್ತಾರೆ. ಇಷ್ಟೆಲ್ಲವನ್ನೂ ಹೊತ್ತ ಮುಖವನ್ನು ದೃಷ್ಟಿಗೊಂಬೆ ಮಾಡಿ ಕೂರಿಸುವುದೆಂದರೆ ಕಾದಂಬರಿಯನ್ನು ಕೊಂಡು ತಂದು ಬೆನ್ನುಪುಟ ಮಾತ್ರ ಓದಿದ ಹಾಗೆ.

ಹಾಗಾದರೆ ಕಣ್ಣನ್ನು ನಿಜವಾಗಿ ಹಿಡಿಯುವುದು ಏನು? ಅಮೆರಿಕದ ನಾವಿಕರ ಹಳೆಯ ಹಚ್ಚೆಗಳನ್ನು ನೆನಪಿಸಿಕೊಳ್ಳಿ: ಇಲ್ಲೊಂದು ಲಂಗರು, ಅಲ್ಲೊಂದು ಹೃದಯ, ಮೊಣಕೈ ಹತ್ತಿರ ಒಂದು ಹಕ್ಕಿ. ಹಳೆಯ ಟ್ರಂಕಿನ ಮೇಲೆ ಚೀಟಿ ಅಂಟಿಸಿದ ಹಾಗೆ, ಪ್ರತಿಯೊಂದೂ ಬಿಡಿ. ಎಡೋದ ಹಚ್ಚೆಗಾರ ಮೈಯನ್ನು ಬಿಡಿಬಿಡಿಯಾಗಿ ನೋಡಲಿಲ್ಲ. ಕತ್ತಿನ ಬುಡದಿಂದ ತೊಡೆಯವರೆಗೆ ಇಡೀ ಬೆನ್ನು ಅವನಿಗೆ ಒಂದೇ ಚಿತ್ರ. ನಡುವೆ ಒಬ್ಬ ವೀರ ಅಥವಾ ಡ್ರ್ಯಾಗನ್. ಸುತ್ತ ಅಲೆ, ಮೋಡ, ಬಂಡೆ, ಗಾಳಿಯ ಪಟ್ಟಿಗಳು. ಈ ಹಿನ್ನೆಲೆಯೇ ಇಡೀ ಕಲೆಯ ಗುಟ್ಟು ಎಂದು ನನಗನಿಸುತ್ತದೆ. ದಟ್ಟ ಕಪ್ಪಿನಿಂದ ಬೂದಿಗೆ, ಬೂದಿಯಿಂದ ಚರ್ಮದ ಬಣ್ಣಕ್ಕೆ ಮೆಲ್ಲಗೆ ಕರಗುವ ಆ ನೆರಳಿನ ಮೇಲೆ ಮೀನಿನ ಕೆಂಪು ಎದ್ದು ಬರುತ್ತದೆ. ಕೋಯಿಯ ಪಕ್ಕ ನಾಲ್ಕು ಮೇಪಲ್ ಎಲೆ ತೇಲಿಬಿಟ್ಟರೆ ಅದು ಶರತ್ಕಾಲದ ಹೊಳೆ. ಋತುವನ್ನು ಹೇಳಲಿಕ್ಕೆ ಇನ್ನೊಂದು ಗೆರೆ ಬೇಕಿಲ್ಲ. ತೋಳು ಮಡಚಿದರೆ ಮೀನು ತಿರುಗುತ್ತದೆ, ಉಸಿರೆಳೆದರೆ ಅಲೆ ಏಳುತ್ತದೆ.

ಚಿತ್ರ ಎಲ್ಲಿ ನಿಲ್ಲಬೇಕು ಎನ್ನುವುದಕ್ಕೂ ಲೆಕ್ಕವಿದೆ. ಹಚ್ಚೆಯ ಅಂಚನ್ನು ಹೇಗೆ ಮುಗಿಸಬೇಕು, ಹೂವಿನ ದಳದಂತೆ ಗುಂಡಗೋ, ಪೈನ್ ಎಲೆಯಂತೆ ಚೂಪಾಗೋ, ಮಬ್ಬಾಗಿ ಕರಗಿಸಿಯೋ ಎನ್ನುವುದಕ್ಕೆ ಬೇರೆ ಬೇರೆ ಹೆಸರುಗಳೇ ಇವೆ. ಎದೆಯ ನಟ್ಟನಡುವೆ ಒಂದು ಪಟ್ಟಿಯಷ್ಟು ಚರ್ಮವನ್ನು ಖಾಲಿ ಬಿಡುವ ರೂಢಿಯೂ ಇದೆ. ಕೆಲಸದ ಅಂಗಿಯ ಮುಂಭಾಗ ತೆರೆದುಕೊಂಡರೂ ಏನೂ ಕಾಣಬಾರದು. ಇಷ್ಟು ದೊಡ್ಡ ಚಿತ್ರ, ಇಷ್ಟು ನೋವು, ಇಷ್ಟು ಖರ್ಚು, ಎಲ್ಲವೂ ಬಟ್ಟೆಯ ಒಳಗೆ! ನಮ್ಮ ಕಾಲದ ಹಚ್ಚೆ ಫೋಟೋಗಾಗಿಯೇ ಹುಟ್ಟುತ್ತದೆ, ಊತ ಇಳಿಯುವ ಮೊದಲೇ ಫೋನಿನಲ್ಲಿ ಊರು ಸುತ್ತಿ ಬರುತ್ತದೆ. ಇದು ಬರೀ ಮುದುಕರ ಗೊಣಗಾಟ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ.

ಕೈಯಲ್ಲಿ ಚುಚ್ಚುವ ಪದ್ಧತಿಗೆ ‘ತೆಬೋರಿ’ ಎಂದು ಹೆಸರು. ಉದ್ದನೆಯ ಹಿಡಿಯ ತುದಿಗೆ ಸಾಲಾಗಿ ಕಟ್ಟಿದ ಸೂಜಿಗಳು, ಎಡಗೈ ಹೆಬ್ಬೆರಳಿನ ಆಸರೆ, ಒಂದೇ ಲಯದಲ್ಲಿ ಚುಚ್ಚಿ ಮೀಟುವ ಕೆಲಸ. ಇಂದು ಅನೇಕರು ಗೆರೆಗೆ ಯಂತ್ರವನ್ನೂ ನೆರಳಿಗೆ ಕೈಯನ್ನೂ ಬಳಸುತ್ತಾರೆ. ವಾರಕ್ಕೊಮ್ಮೆ ಕೂತರೂ ಇಡೀ ಬೆನ್ನು ಮುಗಿಯಲು ವರ್ಷ ಹಿಡಿಯುತ್ತದೆ. ಅಂದಹಾಗೆ ಹಚ್ಚೆಗಾರನಿಗೂ ಮರದಚ್ಚು ಕೊರೆಯುವವನಿಗೂ ಜಪಾನೀ ಭಾಷೆಯಲ್ಲಿ ಒಂದೇ ಹೆಸರು, ‘ಹೊರಿಶಿ’, ಕೊರೆಯುವವನು. ಚಿತ್ರದ ಅಂಗಡಿಗೂ ಚರ್ಮಕ್ಕೂ ಇದ್ದ ದೂರ ಅಷ್ಟೇ.

ಈಗ ಇನ್ನೊಂದು ಕಡೆಯವರ ಸರದಿ. ಇವರು ಸಾಹಿತ್ಯ ಸಭೆಗಳಲ್ಲಿ ಸಿಗುತ್ತಾರೆ. “ನಮ್ಮ ಅಜ್ಜಿಯರ ಹಚ್ಚೆ ಇರುವಾಗ ಜಪಾನಿನದ್ದು ಯಾಕೆ ಬೇಕು? ಇದೂ ಒಂದು ಗುಲಾಮಗಿರಿ” ಎನ್ನುತ್ತಾರೆ. ಅಜ್ಜಿಯ ಹಚ್ಚೆಯ ಮೇಲೆ ನನಗೂ ಪ್ರೀತಿ. ಮುಂಗೈ ಮೇಲಿನ ಆ ಹಸಿರು ಚುಕ್ಕಿಗಳನ್ನು, ತುಳಸಿಕಟ್ಟೆಯನ್ನು ಹುಯ್ದವರು ಊರೂರು ತಿರುಗುವ ಕೊರವರ ಹೆಂಗಸರು. ನೋವು ಮರೆಯಲಿ ಎಂದು ಹಾಡು ಹೇಳಿಕೊಂಡೇ ಚುಚ್ಚುತ್ತಿದ್ದರು. ಆ ಹೆಂಗಸರನ್ನು ಜಗಲಿಯಿಂದ ಈಚೆಗೆ ಸೇರಿಸದೆ, ಒಂದು ಸೇರು ರಾಗಿ ಕೊಟ್ಟು ಕಳಿಸಿದ ಮನೆಗಳ ಮೊಮ್ಮಕ್ಕಳೇ ಇಂದು ‘ನಮ್ಮ ಹಚ್ಚೆ’ ಎಂದು ಭಾಷಣ ಮಾಡುವುದು. ಕಸುಬು ಬತ್ತಿದ್ದು ಜಪಾನಿನಿಂದಲ್ಲ. ಓದಿದ ಮೊದಲ ತಲೆಮಾರಿಗೆ ಅದು ಹಳ್ಳಿಗುಗ್ಗುತನವಾಗಿ ಕಂಡದ್ದರಿಂದ.

ಎರವಲು ಪಡೆದದ್ದೆಲ್ಲ ಗುಲಾಮಗಿರಿಯಾದರೆ ಜಪಾನೀ ಹಚ್ಚೆಯಲ್ಲಿ ಉಳಿಯುವುದು ಏನು? ವೀರರು ಚೀನಾದವರು. ಎಡೋದ ಗಂಡಾಳುಗಳ ಬೆನ್ನಿಗೆ ಅಚ್ಚುಮೆಚ್ಚಿನ ದೇವರು ಫುದೋ ಮ್ಯೋಓ: ಸುತ್ತ ಉರಿಯುವ ಜ್ವಾಲೆ, ಬಲಗೈಯಲ್ಲಿ ಖಡ್ಗ, ಎಡಗೈಯಲ್ಲಿ ಪಾಶ. ನಮ್ಮವರಿಗೆ ಗುರುತು ಸಿಗದೇ ಇರುವುದು ಕಷ್ಟ. ಅವನು ಬೌದ್ಧ ತಂತ್ರದ ಅಚಲನಾಥ. ಫುದೋ ಎಂದರೂ ಅಲುಗದವನು ಎಂದೇ ಅರ್ಥ. ಅವನ ಬೀಜಾಕ್ಷರವನ್ನು ಜಪಾನೀಯರು ಇಂದಿಗೂ ಸಿದ್ಧಂ ಲಿಪಿಯಲ್ಲೇ ಬರೆಯುತ್ತಾರೆ, ಕೆಲವರು ಮೈಮೇಲೂ ಹಾಕಿಸಿಕೊಳ್ಳುತ್ತಾರೆ. ಬಿವಾ ವಾದ್ಯ ಹಿಡಿದು ಕೂತ ಬೆನ್ಜಾಯ್ತೆನ್ ನಮ್ಮ ಸರಸ್ವತಿ. 1862ರಲ್ಲಿ ರಂಗಕ್ಕೆ ಬಂದ ಮೊಕುಆಮಿಯ ಕಬುಕಿ ನಾಟಕದಲ್ಲಿ ಬೆನ್ತೆನ್ ಕೊಜೋ ಎಂಬ ಕಳ್ಳ ಹೆಣ್ಣುವೇಷ ಹಾಕಿ ಬಟ್ಟೆ ಅಂಗಡಿಗೆ ನುಗ್ಗುತ್ತಾನೆ. ಸಿಕ್ಕಿಬಿದ್ದಾಗ ಹೆಗಲ ಮೇಲಿನ ಕಿಮೋನೊ ಜಾರಿಸಿ ಚೆರ್ರಿ ಹೂವಿನ ಹಚ್ಚೆ ತೋರಿಸಿ ತಾನು ಯಾರೆಂದು ಸಾರುತ್ತಾನೆ. ಅವನ ಹೆಸರಿನ ಬೆನ್ತೆನ್ ಕೂಡ ಅದೇ ಸರಸ್ವತಿ. ಸರಸ್ವತಿಯ ಹೆಸರಿಟ್ಟುಕೊಂಡ ಕಳ್ಳನನ್ನು ಕಂಡು ಜಪಾನೀ ಪ್ರೇಕ್ಷಕರು ಇಂದಿಗೂ ಚಪ್ಪಾಳೆ ತಟ್ಟುತ್ತಾರೆ. ಯಾರೂ ಸಂಸ್ಕೃತಿಯ ಕಳ್ಳತನ ಎಂದು ಕೇಸು ಹಾಕಿಲ್ಲ.

ಹಾಗಾಗಿ ಎರವಲಿನ ಬಗ್ಗೆ ನನಗೆ ಬೇಸರವಿಲ್ಲ. ಎರವಲು ಹೇಗೆ ತರಬಹುದು ಎನ್ನುವುದಕ್ಕೆ ಅಮೆರಿಕದ ಡಾನ್ ಎಡ್ ಹಾರ್ಡಿಯ ಬದುಕೇ ಎರಡೂ ಬಗೆಯ ಉದಾಹರಣೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಚ್ಚುಚಿತ್ರ ಕಲೆ ಓದಿದವನು, 1973ರಲ್ಲಿ ಜಪಾನಿನ ಗಿಫುವಿಗೆ ಹೋಗಿ ಹೊರಿಹಿದೆ ಎಂಬ ಹಚ್ಚೆಗಾರನ ಬಳಿ ಕೆಲಸ ಮಾಡಿ ಕಲಿತ. ಮೈಯನ್ನು ಒಂದೇ ಹಾಳೆಯಾಗಿ ನೋಡುವ ಕಣ್ಣನ್ನು ಪಶ್ಚಿಮಕ್ಕೆ ಕೊಂಡೊಯ್ದವರಲ್ಲಿ ಅವನು ಮುಖ್ಯ. 2000ದ ದಶಕದಲ್ಲಿ ಅದೇ ಅವನ ಹೆಸರು ಹೊಳೆಯುವ ಕಲ್ಲು ಹಚ್ಚಿದ ಟೀ ಶರ್ಟುಗಳ ಮೇಲೆ, ಟೋಪಿಗಳ ಮೇಲೆ ಬಂತು. ಹುಲಿ, ಕೋಯಿ, ತಲೆಬುರುಡೆ ಎಲ್ಲ ಒಂದೇ ಅಂಗಿಯಲ್ಲಿ. ನಮ್ಮ ಬೀದಿಬದಿಯ ಬಟ್ಟೆ ರಾಶಿಗಳಲ್ಲೂ ಅದರ ನಕಲುಗಳು ಬಿದ್ದಿರುತ್ತಿದ್ದವು. ನಮ್ಮ ಟ್ಯಾಟೂ ಅಂಗಡಿಯ ಪಟ್ಟಿ ಹುಟ್ಟಿದ್ದು ಗಿಫುವಿನ ಆ ಕೋಣೆಯಲ್ಲಿ ಅಲ್ಲ, ಈ ಟೀ ಶರ್ಟಿನಲ್ಲಿ.

ಯಾರಿಗೆ ನಷ್ಟ ಎಂಬ ಪ್ರಶ್ನೆಯನ್ನು ಮೇಲೆ ಬಾಕಿ ಇಟ್ಟಿದ್ದೆ. ಜಪಾನಿನಲ್ಲಿ ಹಚ್ಚೆಗೆ ಇನ್ನೊಂದು ಚರಿತ್ರೆಯಿದೆ. 1720ರಿಂದ ಮೂಗು ಕಿವಿ ಕೊಯ್ಯುವ ಶಿಕ್ಷೆಯ ಬದಲು ಅಪರಾಧಿಗಳಿಗೆ ಹಚ್ಚೆ ಹಾಕುವ ಶಿಕ್ಷೆ ಬಂತು. ಎಡೋದಲ್ಲಿ ತೋಳಿಗೆ ಪಟ್ಟೆ, ಇನ್ನು ಕೆಲವು ಕಡೆ ಹಣೆಗೆ ಗುರುತು. ‘ಇರೆಜುಮಿ’, ಶಾಯಿ ತುಂಬುವುದು, ಎಂಬ ಪದಕ್ಕೆ ಆ ಜೈಲಿನ ವಾಸನೆ ಇದ್ದದ್ದರಿಂದಲೇ ಚಿತ್ರ ಹಾಕಿಸಿಕೊಂಡವರು ತಮ್ಮದನ್ನು ‘ಹೊರಿಮೊನೋ’, ಕೊರೆದದ್ದು, ಎಂದು ಕರೆದುಕೊಂಡರು. 1872ರಲ್ಲಿ ಹೊಸ ಮೇಜಿ ಸರ್ಕಾರ ಹಚ್ಚೆಯನ್ನೇ ನಿಷೇಧಿಸಿತು. ಕಾರಣ, ಪಶ್ಚಿಮದವರು ನೋಡಿದರೆ ನಮ್ಮನ್ನು ಅನಾಗರಿಕರು ಅಂದುಕೊಂಡಾರು ಎಂಬ ನಾಚಿಕೆ. ಆ ಪಶ್ಚಿಮದವರು ಏನು ಮಾಡಿದರು? 1881ರಲ್ಲಿ ಬ್ರಿಟನ್ನಿನ ರಾಜಕುಮಾರ ಜಾರ್ಜ್, ಮುಂದೆ ನಮಗೂ ಚಕ್ರವರ್ತಿಯಾದ ಐದನೇ ಜಾರ್ಜ್, ಹದಿಹರೆಯದಲ್ಲಿ ಜಪಾನಿಗೆ ಬಂದು ತೋಳಿಗೆ ಡ್ರ್ಯಾಗನ್ ಹಾಕಿಸಿಕೊಂಡು ಹೋದ. 1891ರಲ್ಲಿ ರಷ್ಯಾದ ನಿಕೋಲಸ್ ನಾಗಾಸಾಕಿಯಲ್ಲಿ ಅದನ್ನೇ ಮಾಡಿದ. ಬೆಂಕಿ ಆರಿಸುವವನಿಗೆ ದಂಡ, ರಾಜಕುಮಾರನಿಗೆ ನೆನಪಿನ ಕಾಣಿಕೆ. ತಾನಿಜಾಕಿ 1910ರಲ್ಲಿ ಹಚ್ಚೆಗಾರನ ಕುರಿತು ಬರೆದ ಪ್ರಸಿದ್ಧ ಕಥೆಯನ್ನು ಅದರ ಮಾದಕತೆಗಾಗಿ ಮೆಚ್ಚುವವರು, ಅದು ಬಂದಾಗ ಅವನ ನಾಯಕನ ಕಸುಬು ಕಾನೂನುಬಾಹಿರವಾಗಿತ್ತು ಎನ್ನುವುದನ್ನು ಮರೆಯುತ್ತಾರೆ.

ಇನ್ನು ನಿಜವಾಗಿ ಪುರಾತನವಾದದ್ದಕ್ಕೆ ಏನಾಯಿತು ನೋಡಿ. ಉತ್ತರದ ಐನು ಹೆಂಗಸರು ತುಟಿಯ ಸುತ್ತ, ಕೈಗಳ ಮೇಲೆ, ಬರ್ಚ್ ತೊಗಟೆಯ ಮಸಿಯಿಂದ ಹಚ್ಚೆ ಹಾಕಿಸಿಕೊಳ್ಳುತ್ತಿದ್ದರು. ತಾಯಿಯಿಂದ ಮಗಳಿಗೆ ಬಂದದ್ದು. 1871ರಲ್ಲಿ ಅದನ್ನು ನಿಷೇಧಿಸಲಾಯಿತು. ದಕ್ಷಿಣದ ರ್ಯೂಕ್ಯೂ ದ್ವೀಪಗಳ ಹೆಂಗಸರ ಕೈಹಚ್ಚೆಯನ್ನು 1899ರಲ್ಲಿ. ಗಂಡಸರ ಡ್ರ್ಯಾಗನ್ನುಗಳು ಕದ್ದುಮುಚ್ಚಿ ಬದುಕಿಕೊಂಡವು, ಹೆಂಗಸರ ತುಟಿಯ ಹಚ್ಚೆಯನ್ನು ಮುಚ್ಚಿಡುವುದು ಹೇಗೆ? ‘ಪುರಾತನ ಜಪಾನೀ ಜ್ಞಾನ’ದ ಯಾವ ಪಟ್ಟಿಯಲ್ಲೂ ಈ ಹೆಂಗಸರಿಲ್ಲ. 2013ರಲ್ಲಿ ಮುಖದ ಮೇಲೆ ಸಾಂಪ್ರದಾಯಿಕ ಹಚ್ಚೆ ಇದ್ದ ನ್ಯೂಜಿಲೆಂಡಿನ ಒಬ್ಬ ಮಾವೋರಿ ಮಹಿಳೆಯನ್ನು ಸಾರ್ವಜನಿಕ ಸ್ನಾನಗೃಹವೊಂದು ಒಳಗೆ ಬಿಡಲಿಲ್ಲ. ಅವರು ಬಂದಿದ್ದದ್ದು ಮೂಲನಿವಾಸಿಗಳ ಭಾಷೆಗಳ ಕುರಿತ ಸಮಾವೇಶಕ್ಕೆ. ಊರು ಹೊಕ್ಕೈಡೋ, ಐನುಗಳ ನೆಲ.

ನಿಷೇಧ ತೆರವಾದದ್ದು 1948ರಲ್ಲಿ. ಅಷ್ಟರಲ್ಲಿ ಹಚ್ಚೆ ಯಾಕುಜಾ ಗುಂಪುಗಳ ಗುರುತಾಗಿತ್ತು, 60ರ ದಶಕದ ಸಿನಿಮಾಗಳು ಆ ಗುರುತನ್ನು ಗಟ್ಟಿ ಮಾಡಿದವು. 2012ರಲ್ಲಿ ಒಸಾಕಾ ನಗರಾಡಳಿತ ತನ್ನ ನೌಕರರಿಗೆಲ್ಲ ನಿಮ್ಮ ಮೈಮೇಲೆ ಹಚ್ಚೆ ಇದೆಯೇ ಎಂದು ಬರೆದು ಕೊಡಲು ಹೇಳಿತು. ಅದೇ ಒಸಾಕಾದಲ್ಲಿ 2015ರಲ್ಲಿ ಒಬ್ಬ ಹಚ್ಚೆಗಾರನ ಮೇಲೆ ಪರವಾನಗಿಯಿಲ್ಲದೆ ವೈದ್ಯವೃತ್ತಿ ನಡೆಸಿದ ಆರೋಪ ಬಂತು. ಚರ್ಮಕ್ಕೆ ಸೂಜಿ ಚುಚ್ಚುವುದು ವೈದ್ಯರ ಕೆಲಸವಂತೆ. ದಂಡ ಕಟ್ಟಿ ಮನೆಗೆ ಹೋಗಬಹುದಿತ್ತು, ಅವನು ಕಟ್ಟಲಿಲ್ಲ. 2017ರಲ್ಲಿ ಕೆಳಗಿನ ನ್ಯಾಯಾಲಯ ತಪ್ಪಿತಸ್ಥ ಎಂದಿತು, 2018ರಲ್ಲಿ ಹೈಕೋರ್ಟ್ ಬಿಡುಗಡೆ ಮಾಡಿತು, 2020ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹಚ್ಚೆ ವೈದ್ಯಕೀಯವಲ್ಲ ಎಂದು ಎತ್ತಿಹಿಡಿಯಿತು. ಜಗತ್ತಿನ ಪ್ರತಿ ದೊಡ್ಡ ಊರಿನ ಗೋಡೆಯ ಮೇಲೆ ಈ ಕಲೆಯ ಪೋಸ್ಟರು ತೂಗುತ್ತಿದ್ದಾಗ, ಅದನ್ನು ಹುಟ್ಟಿಸಿದ ದೇಶದಲ್ಲಿ ಒಬ್ಬ ಕಸುಬುದಾರ ತಾನು ಅಪರಾಧಿಯಲ್ಲ ಎಂದು ಸಾಬೀತು ಮಾಡಲು ಐದು ವರ್ಷ ಕೋರ್ಟು ಅಲೆದ. ಪಟ್ಟಿ ನೋಡಿ ಕೋಯಿ ಹಾಕಿಸಿಕೊಂಡ ಎಷ್ಟು ಮಂದಿಗೆ ಇದು ಗೊತ್ತು?

ಜಪಾನೀ ಚಿತ್ರ ಬೇಕೇಬೇಕು ಎನ್ನುವ ಹುಡುಗ ಹುಡುಗಿಯರಿಗೆ ನಾನು ಬೇಡ ಎನ್ನುವುದಿಲ್ಲ. ಸೂಜಿಯ ಮುಂದೆ ಕೂರುವ ಮೊದಲು ಕುನಿಯೋಶಿಯ ಶಿಶಿನ್‌ನನ್ನು ಒಂದು ಗಂಟೆ ನೋಡಿ. ಅಂಗಡಿಯವನನ್ನು ಇದರ ಅರ್ಥವೇನು ಎಂದು ಕೇಳಬೇಡಿ; ಹಿನ್ನೆಲೆ ಏನು ಹಾಕುತ್ತೀಯಾ, ಅಂಚು ಹೇಗೆ ಮುಗಿಸುತ್ತೀಯಾ ಎಂದು ಕೇಳಿ. ಉತ್ತರ ಹೇಳಲು ತಡವರಿಸಿದರೆ ಎದ್ದು ಬನ್ನಿ.

ಜಪಾನಿಗೆ ಹೋಗುವ ಯೋಗ ಬಂದರೆ ಇನ್ನೊಂದು ಸಂಗತಿ ಕಾಣಬಹುದು. ಬಹಳಷ್ಟು ಬಿಸಿನೀರ ಬುಗ್ಗೆಯ ಹೋಟೆಲುಗಳಲ್ಲಿ ಹಚ್ಚೆ ಇದ್ದವರಿಗೆ ಪ್ರವೇಶವಿಲ್ಲ. ಪ್ರವಾಸಿಗರು ಹೆಚ್ಚಿದ ಮೇಲೆ ಕೆಲವು ಕಡೆ ನಿಯಮ ಸಡಿಲಿಸಿ, ಚಿಕ್ಕ ಹಚ್ಚೆಗೆ ಅಂಟಿಸಿಕೊಳ್ಳಲು ಚರ್ಮದ ಬಣ್ಣದ ಸ್ಟಿಕ್ಕರು ಕೊಡುತ್ತಾರೆ. ನಿಮ್ಮ ಮುಂಗೈಯ ಕೋಯಿ ಅದರಡಿ ಅಡಗುತ್ತದೆ, ನೀವು ಒಳಗೆ ಹೋಗುತ್ತೀರಿ. ಯೌವನದಲ್ಲಿ ಇಡೀ ಬೆನ್ನಿಗೆ ಫುದೋ ಹಾಕಿಸಿಕೊಂಡ ಯಾರೋ ಮುದುಕ ಬಡಗಿಗೆ ಆಗುವಷ್ಟು ದೊಡ್ಡ ಸ್ಟಿಕ್ಕರು ಇಲ್ಲ.